ಚಿನ್ನದ ರೇಕು ಹಿಡಿದಿಟ್ಟ ಬೆಳಕು



ಮೂರು ರಾಯರ ಹಬ್ಬ ಬಂತೆಂದರೆ ಗೋದಲಿಯ ಮುಂದೆ ನಿಂತು ನಾವೆಲ್ಲರೂ ಚಿನ್ನ, ಧೂಪ, ರಕ್ತಬೋಳಗಳ ಮಾತನಾಡುತ್ತೇವೆ. ಧೂಪದ ಪರಿಮಳ ನಮಗೆ ಪರಿಚಿತ. ರಕ್ತಬೋಳವನ್ನು ಕಣ್ಣಾರೆ ಕಂಡವರು ಕಡಿಮೆ. ಚಿನ್ನವನ್ನು ಮಾತ್ರ ಚೆನ್ನಾಗಿಯೇ ಬಲ್ಲೆವು: ಮಗಳ ಮದುವೆಯ ಸರವಾಗಿ, ಮಕ್ಕಳ ಕಾಲೇಜು ಶುಲ್ಕಕ್ಕೆ ಅಡವಿಟ್ಟ ಬಳೆಯಾಗಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಮಳೆಯನ್ನು ನೆಚ್ಚಿ ಬದುಕುವ ಸೀಮೆ. ಇಲ್ಲಿ ಕಡಲೆಕಾಯಿ ಬೆಳೆ ಕೈಕೊಟ್ಟ ವರ್ಷ ಆ ಬಳೆಯೇ ಮನೆಗೆ ಆಸರೆ.

ಆದರೆ ಚಿನ್ನಕ್ಕೆ ಇನ್ನೊಂದು ಬಾಳೂ ಇದೆ. ತೂಕವನ್ನೆಲ್ಲ ಕಳೆದುಕೊಂಡು, ಉಸಿರು ತಾಗಿದರೆ ಹಾರುವಷ್ಟು ತೆಳುವಾಗಿ, ಚಿತ್ರದ ಮೇಲೆ ಕುಳಿತು ಬೆಳಕನ್ನು ಹಿಡಿಯುವ ಬಾಳು ಅದು. ಅದರ ಚರಿತ್ರೆಯನ್ನು ಈ ಹಬ್ಬದ ಸಂದರ್ಭದಲ್ಲಿ ಸ್ವಲ್ಪ ತಿಳಿಯೋಣ. ಅದಕ್ಕೊಂದು ಕಾರಣವಿದೆ. ಹಬ್ಬಕ್ಕೆ ಬಣ್ಣ ಹೊಡೆಸುವ ಉತ್ಸಾಹದಲ್ಲಿ ಈ ಚರಿತ್ರೆಯ ಒಂದು ತುಣುಕನ್ನು ನಮ್ಮ ಕೈಯಾರೆ ಅಳಿಸಿಬಿಡುವ ಅಪಾಯ ನಮ್ಮೆದುರಿಗೇ ಇದೆ.

ಬಡಿಸಿಕೊಂಡ ಚಿನ್ನ

ಪವಿತ್ರ ಗ್ರಂಥದ ವಿಮೋಚನಾಕಾಂಡವನ್ನು ತೆರೆದರೆ ರೇಕಿನ ಕೆಲಸ ಎಷ್ಟು ಹಳೆಯದೆಂದು ತಿಳಿಯುತ್ತದೆ. ಒಡಂಬಡಿಕೆಯ ಮಂಜೂಷವನ್ನು ಮರದಿಂದ ಮಾಡಿ ಒಳಗೂ ಹೊರಗೂ ಚಿನ್ನ ಹೊದಿಸುವ ವಿವರ 25ನೇ ಅಧ್ಯಾಯದಲ್ಲಿದೆ. ಯಾಜಕರ ಉಡುಪಿಗಾಗಿ ಚಿನ್ನವನ್ನು ಬಡಿದು ತೆಳು ತಗಡು ಮಾಡಿ, ಅದನ್ನು ಎಳೆಗಳಾಗಿ ಕತ್ತರಿಸಿ ನೂಲಿನೊಡನೆ ನೇಯ್ದ ಸಂಗತಿ 39ನೇ ಅಧ್ಯಾಯದಲ್ಲಿದೆ.

ಚಿನ್ನದಷ್ಟು ಬಡಿತ ತಾಳುವ ಲೋಹ ಇನ್ನೊಂದಿಲ್ಲ. ಅದನ್ನು ತೆಳು ಪೊರೆಗಳ ನಡುವೆ ಅಡುಕಿ, ಸುತ್ತಿಗೆಯಿಂದ ಗಂಟೆಗಟ್ಟಲೆ ಬಡಿಯುತ್ತಾರೆ. ಒಂದು ಗ್ರಾಂ ಚಿನ್ನ ಹೀಗೆ ಹರಡಿಕೊಂಡು ಸುಮಾರು ಅರ್ಧ ಚದರ ಮೀಟರ್ ಆಗಬಲ್ಲದು. ಅಂಥ 10,000 ರೇಕುಗಳನ್ನು ಒಂದರ ಮೇಲೊಂದು ಇಟ್ಟರೂ ಎತ್ತರ ಸುಮಾರು ಒಂದು ಮಿಲಿಮೀಟರ್ ಮಾತ್ರ! ದೀಪಕ್ಕೆ ಅಡ್ಡ ಹಿಡಿದರೆ ರೇಕಿನ ಮೂಲಕ ಹಸಿರು ಛಾಯೆಯ ಬೆಳಕು ಹಾಯುತ್ತದೆ. ಇಷ್ಟು ತೆಳುವಾದರೂ ಅದು ಕಿಲುಬು ಹಿಡಿಯುವುದಿಲ್ಲ, ಕಪ್ಪಾಗುವುದಿಲ್ಲ.

ನಮ್ಮ ನೆರೆಯಿಂದ ಮೈಸೂರಿನವರೆಗೆ

ಚಿತ್ರಕಲೆ ಎಂದರೆ ಅರಮನೆಯ ಸೊತ್ತು, ನಮ್ಮ ಬಯಲುಸೀಮೆಗೆ ಅದರ ನಂಟಿಲ್ಲ ಎಂದು ಭಾವಿಸಬೇಕಾಗಿಲ್ಲ. ಪಾವಗಡ, ಮಧುಗಿರಿಯವರಿಗೆ ದೂರವಲ್ಲದ ಲೇಪಾಕ್ಷಿಯಲ್ಲಿ 16ನೇ ಶತಮಾನದ ವಿಜಯನಗರ ಕಾಲದ ಛಾವಣಿ ಚಿತ್ರಗಳಿವೆ. ತುಮಕೂರಿನಿಂದ ಶಿರಾಕ್ಕೆ ಹೋಗುವ ಹೆದ್ದಾರಿಯ ಸೀಬಿಯಲ್ಲಿ ನಲ್ಲಪ್ಪ ಮತ್ತು ಆತನ ಸಹೋದರರು 18ನೇ ಶತಮಾನದ ಕೊನೆಯ ಭಾಗದಲ್ಲಿ ಕಟ್ಟಿಸಿದ ನರಸಿಂಹಸ್ವಾಮಿ ದೇವಾಲಯದ ಮಂಟಪದಲ್ಲೂ ಛಾವಣಿ ಚಿತ್ರಗಳಿವೆ. ಪುರಾಣದ ಕಥೆಗಳ ಜೊತೆಗೆ ಆ ಕಾಲದ ದರ್ಬಾರಿನ ಉಡುಗೆ ತೊಡುಗೆಗಳನ್ನೂ ಅಲ್ಲಿ ಕಾಣಬಹುದು.

1565ರ ಯುದ್ಧದಲ್ಲಿ ವಿಜಯನಗರ ಸೋತ ಮೇಲೆ ಆಶ್ರಯ ಕಳೆದುಕೊಂಡ ಚಿತ್ರಗಾರ ಕುಟುಂಬಗಳು ದಕ್ಷಿಣಕ್ಕೆ ಚದುರಿದವು. ಕೆಲವರಿಗೆ ತಂಜಾವೂರಿನಲ್ಲಿ, ಕೆಲವರಿಗೆ ಶ್ರೀರಂಗಪಟ್ಟಣದ ಒಡೆಯರಲ್ಲಿ ನೆಲೆ ಸಿಕ್ಕಿತು. 1799ರಿಂದ 1868ರವರೆಗೆ ಸಿಂಹಾಸನದಲ್ಲಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರು ಶೈಲಿ ಅರಳಿತು. ಈ ಕಲೆಗೆ 2005ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು.

ಮೈಸೂರು ಚಿತ್ರದ ಕೆಲಸ ತಾಳ್ಮೆಯ ಕೆಲಸ. ಹುಣಸೆ ಕಡ್ಡಿಯನ್ನು ಸುಟ್ಟ ಇದ್ದಿಲಿನಿಂದ ಮೊದಲು ರೇಖೆ ಬರೆಯುತ್ತಾರೆ. ಸಫೇದದ ಪುಡಿ, ಗೋಂದು, ಮಕ್ಕಿ ಎಂಬ ಹಳದಿ ಅಂಟು ಇವುಗಳನ್ನು ಅರೆದು ಗೆಸ್ಸೋ ಎಂಬ ಸರಿ ಮಾಡುತ್ತಾರೆ. ಒಡವೆ, ಸೀರೆಯ ಅಂಚು, ಕಮಾನು ಬರುವ ಕಡೆಗಳಲ್ಲಿ ಆ ಸರಿಯನ್ನು ಸಣ್ಣ ಕುಂಚದಿಂದ ಎಳೆದು, ಬೆರಳಿಗೆ ತಾಗಿಯೂ ತಾಗದಷ್ಟು ಉಬ್ಬಿಸುತ್ತಾರೆ. ಅದರ ಮೇಲೆ ರೇಕು ಅಂಟಿಸಿ, ನಯವಾದ ಕಲ್ಲಿನಿಂದ ಮೆಲ್ಲಗೆ ಉಜ್ಜಿ ಮೆರುಗು ತರುತ್ತಾರೆ. ತಂಜಾವೂರಿನ ಚಿತ್ರಗಳಲ್ಲಿ ಉಬ್ಬು ದಪ್ಪ, ಗಾಜಿನ ಕಲ್ಲುಗಳ ಅಲಂಕಾರವೂ ಹೆಚ್ಚು. ಮೈಸೂರಿನವರದು ತೆಳು ಉಬ್ಬು, ಮೃದು ಹೊಳಪು.

ಆ ಉಬ್ಬು ಏಕೆ ಬೇಕು? ರೇಕು ಸಮತಟ್ಟಾಗಿದ್ದರೆ ಬೆಳಕು ಒಂದೇ ದಿಕ್ಕಿಗೆ ಹಿಂದಿರುಗುತ್ತದೆ. ಉಬ್ಬುತಗ್ಗುಗಳಿದ್ದರೆ ಒಂದೊಂದು ಗೆರೆ ಒಂದೊಂದು ಕಡೆಗೆ ಹೊಳೆಯುತ್ತದೆ. ಎಣ್ಣೆದೀಪದ ಕುಡಿ ಅಲುಗಿದಾಗ ಚಿತ್ರದ ಸರವೂ ಅಲುಗಿದಂತೆ ಕಾಣುತ್ತದೆ. ವಿದ್ಯುತ್ತು ಬಾರದ ಕಾಲದ ಕಲಾವಿದರು ದೀಪವನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದರು.

ಎಣ್ಣೆಬಣ್ಣದವರ ಜಿಜ್ಞಾಸೆ

ಯುರೋಪಿನ ದೇವಾಲಯಗಳಲ್ಲೂ ಇದೇ ತಿಳಿವಳಿಕೆಯಿತ್ತು. ಇಟಲಿಯ ರವೆನ್ನಾ ನಗರದ 6ನೇ ಶತಮಾನದ ಮೊಸಾಯಿಕ್ ಚಿತ್ರಗಳಲ್ಲಿ ಗಾಜಿನ ಪದರಗಳ ನಡುವೆ ಚಿನ್ನದ ರೇಕು ಇದೆ. ಪೂರ್ವದ ಧರ್ಮಸಭೆಗಳ ಪವಿತ್ರ ಚಿತ್ರಗಳಲ್ಲಿ ಸಂತರ ಹಿಂದೆ ಆಕಾಶವಿಲ್ಲ, ಬೆಟ್ಟವಿಲ್ಲ, ಬರೀ ಚಿನ್ನ. ಅದು ಈ ಲೋಕದ ಹಗಲಲ್ಲ, ಪರಲೋಕದ ಬೆಳಕು ಎಂಬ ಭಾವನೆ.

ಎಣ್ಣೆಬಣ್ಣ ಬಳಕೆಗೆ ಬಂದಾಗ ಚರ್ಚೆ ಎದ್ದಿತು. 1435ರಲ್ಲಿ ಚಿತ್ರಕಲೆಯ ಕುರಿತು ಗ್ರಂಥ ಬರೆದ ಇಟಲಿಯ ಆಲ್ಬರ್ಟಿ, ಚಿನ್ನವನ್ನು ಅಂಟಿಸಬೇಡಿ, ಚಿನ್ನದ ಹೊಳಪನ್ನು ಬಣ್ಣದಲ್ಲೇ ತೋರಿಸಿ ಎಂದ. ಅವನ ಆಕ್ಷೇಪಣೆಯಲ್ಲಿ ಹುರುಳಿತ್ತು. ಕಪ್ಪಾಗಿ ಕಾಣಬೇಕಾದ ಜಾಗವೂ ರೇಕಿನಿಂದಾಗಿ ಹೊಳೆಯುತ್ತದೆ. ಹೊಳೆಯಬೇಕಾದದ್ದು ಇನ್ನೊಂದು ಮಗ್ಗುಲಿನಿಂದ ನೋಡಿದರೆ ಕಪ್ಪಾಗಿ ಕಾಣುತ್ತದೆ. ಬಣ್ಣದಲ್ಲಿ ಬರೆದ ಬೆಳಕು ಎಲ್ಲರಿಗೂ ಒಂದೇ. ಮೈಸೂರು ಅರಮನೆಗೂ ಚಿತ್ರ ಬರೆದುಕೊಟ್ಟು 1906ರಲ್ಲಿ ತೀರಿಕೊಂಡ ರಾಜಾ ರವಿವರ್ಮ ಸೀರೆಯ ಜರಿಯನ್ನು ಎಣ್ಣೆಬಣ್ಣದಿಂದಲೇ ಮಿನುಗಿಸಿದ್ದು ಆ ಜಾಣ್ಮೆಗೆ ನಮ್ಮ ನಾಡು ಕಂಡ ಉದಾಹರಣೆ.

ಆದರೂ ಎಣ್ಣೆಬಣ್ಣದವರು ರೇಕನ್ನು ಪೂರ್ತಿ ಬಿಡಲಿಲ್ಲ. ಹಾಲೆಂಡಿನ ರೆಂಬ್ರಾಂಟ್ 1630ರ ಸುಮಾರಿನಲ್ಲಿ ತಾಮ್ರದ ತಗಡಿಗೆ ಚಿನ್ನದ ರೇಕು ಹೊದಿಸಿ, ಅದರ ಮೇಲೆ ಎಣ್ಣೆಬಣ್ಣದಲ್ಲಿ ಕೆಲವು ಪುಟ್ಟ ಚಿತ್ರಗಳನ್ನು ಬರೆದ. ಅಲ್ಲಿ ಚಿನ್ನ ಮೇಲೆ ಮೆರೆಯುವುದಿಲ್ಲ. ಬಣ್ಣದ ಅಡಿಯಲ್ಲಿದ್ದು ಬೆಚ್ಚನೆಯ ಕಾಂತಿ ಕೊಡುತ್ತದೆ. ವಿಯೆನ್ನಾದ ಕ್ಲಿಮ್ಟ್ ಚಿನ್ನದ ಕೆತ್ತನೆಗಾರನ ಮಗ. 1903ರಲ್ಲಿ ರವೆನ್ನಾದ ಮೊಸಾಯಿಕ್‌ಗಳನ್ನು ಕಂಡುಬಂದ ಆತ, 1907ರಲ್ಲಿ ಮುಗಿಸಿದ ಅಡೆಲೆ ಬ್ಲಾಖ್-ಬವರ್ ಎಂಬ ಮಹಿಳೆಯ ಭಾವಚಿತ್ರದಲ್ಲಿ ಎಣ್ಣೆಬಣ್ಣವನ್ನೂ ಚಿನ್ನದ ರೇಕನ್ನೂ ಒಂದಾಗಿ ಬೆಸೆದ.

ಆಲ್ಬರ್ಟಿ ದೋಷವೆಂದದ್ದೇ ರೇಕಿನ ಗುಣವೂ ಹೌದು. ನಿಂತ ಜಾಗ ಬದಲಾದಂತೆ ಅದರ ಬೆಳಕು ಬದಲಾಗುತ್ತದೆ. ಮೊಣಕಾಲೂರಿದವನಿಗೆ ಕಂಡ ಹೊಳಪು ಬಾಗಿಲಲ್ಲಿ ನಿಂತವನಿಗೆ ಕಾಣದು. ದೀಪವಿಲ್ಲದಿದ್ದರೆ ರೇಕೂ ಕತ್ತಲೆಯೇ. ತನ್ನದೆಂಬ ಬೆಳಕು ಅದಕ್ಕಿಲ್ಲ. ಬಿದ್ದ ಬೆಳಕನ್ನು ತನ್ನಲ್ಲೇ ಬಚ್ಚಿಟ್ಟುಕೊಳ್ಳದೆ ಹಿಂದಿರುಗಿಸುವುದಷ್ಟೇ ಅದರ ಕೆಲಸ.

ಡಬ್ಬಿಯ ಚಿನ್ನ

ಇನ್ನು ನಮ್ಮ ಮಾತಿಗೆ ಬರೋಣ. ಪಾಲಕ ಸಂತರ ಹಬ್ಬ ಹತ್ತಿರವಾದಾಗ ಸ್ವರೂಪಗಳಿಗೆ, ಪೀಠಕ್ಕೆ, ಹಳೆಯ ಚೌಕಟ್ಟುಗಳಿಗೆ ಬಣ್ಣ ಹೊಡೆಸುವ ಯೋಚನೆ ಬರುತ್ತದೆ. ಅಂಗಡಿಯಿಂದ ಡಬ್ಬಿಯಲ್ಲಿ ಬರುವ ಅಗ್ಗದ ಚಿನ್ನದ ಬಣ್ಣದಲ್ಲಿ ಸಾಮಾನ್ಯವಾಗಿ ಚಿನ್ನ ಇರುವುದಿಲ್ಲ. ಇರುವುದು ತಾಮ್ರ ಮತ್ತು ಸತುವಿನ ಮಿಶ್ರ ಪುಡಿ. ಬಳಿದ ವಾರ ಕಣ್ಣು ಕೋರೈಸುತ್ತದೆ. ತೇವ, ಮೋಂಬತ್ತಿಯ ಹೊಗೆ, ಕೈಯ ಬೆವರು ತಾಗುತ್ತಾ ಕ್ರಮೇಣ ಕಂದುತ್ತದೆ. ಆಗ ಮತ್ತೊಂದು ಡಬ್ಬಿ, ಮತ್ತೊಂದು ಪದರ. ಹೀಗೆ ಬಳಿಯುತ್ತಾ ಹೋದರೆ ಸಂತರ ಮುಖದ ಕಳೆ, ಅಂಗಿಯ ಮಡಿಕೆ ಎಲ್ಲವೂ ಮುಚ್ಚಿಹೋಗುತ್ತವೆ. ಅಡಿಯಲ್ಲಿ ಹಿರಿಯರು ಕಾಸು ಕಾಸು ಕೂಡಿಸಿ ಹಾಕಿಸಿದ ನಿಜವಾದ ರೇಕು ಇದ್ದರೆ ಅದೂ ಹೋಯಿತು! ಮೈಸೂರು ಚಿತ್ರಕಲೆಗೂ ಇಂಥದೇ ಸಂಕಟ. ನಕಲಿ ರೇಕಿನ ಅಗ್ಗದ ಚಿತ್ರಗಳ ಮುಂದೆ ತಿಂಗಳುಗಟ್ಟಲೆ ಕೂತು ಬರೆಯುವ ಕಲಾವಿದರ ಬೆವರಿಗೆ ಬೆಲೆ ಸಿಗುವುದು ಕಷ್ಟ.

ಎಲ್ಲ ಸ್ವರೂಪಗಳಲ್ಲೂ ರೇಕು ಇರುವುದಿಲ್ಲ, ನಿಜ. ಆದರೆ ಕೆರೆಯುವ ಮುನ್ನ ಮಡಿಕೆಗಳ ಸಂದಿಯನ್ನು ಒಮ್ಮೆ ನೋಡೋಣ. ಕಂದದ ಹಳದಿ ಹೊಳಪು, ಚೌಕ ಚೌಕವಾಗಿ ಅಂಚು ಕೂಡಿಸಿದ ಗೆರೆ ಕಂಡರೆ ಕೆಲಸ ನಿಲ್ಲಿಸಿ, ಬಲ್ಲವರನ್ನು ಕರೆಸೋಣ. ಸೋಪಿನ ನೀರು, ಸೀಮೆಎಣ್ಣೆ, ಒದ್ದೆ ಬಟ್ಟೆ ಯಾವುದೂ ಬೇಡ. ಮೃದುವಾದ ಕುಂಚದಿಂದ ಧೂಳು ಕೊಡವಿದರೆ ಸಾಕು. ಮೋಂಬತ್ತಿಯನ್ನು ಒಂದು ಮಾರು ದೂರದಲ್ಲಿಡೋಣ. ಎಲ್ಲಕ್ಕಿಂತ ಮೊದಲು ಒಂದು ಫೋಟೋ ತೆಗೆಸಿ ಧರ್ಮಕೇಂದ್ರದ ದಾಖಲೆಯಲ್ಲಿ ಸೇರಿಸೋಣ.

ಹಾಗೆಯೇ, ಈ ಹಬ್ಬದ ಸಂಜೆ ಟ್ಯೂಬ್‌ಲೈಟುಗಳನ್ನೂ ಸೀರಿಯಲ್ ಸೆಟ್ಟುಗಳನ್ನೂ ಐದೇ ನಿಮಿಷ ಆರಿಸಿ, ಒಂದು ದೀಪ ಹಚ್ಚಿ, ಮಕ್ಕಳನ್ನು ಹಳೆಯ ಸ್ವರೂಪದ ಮುಂದೆ ನಿಲ್ಲಿಸಿ. ಎಡಕ್ಕೊಂದು ಹೆಜ್ಜೆ, ಬಲಕ್ಕೊಂದು ಹೆಜ್ಜೆ ಇಟ್ಟು ನೋಡಲು ಹೇಳಿ. ಅಂಗಿಯ ಅಂಚಿನಲ್ಲಿ ಬೆಳಕು ಅವರೊಡನೆ ನಡೆದರೆ, ಅಲ್ಲಿ ರೇಕಿದೆ ಎಂದು ತಿಳಿಯಿರಿ. ಹಿರಿಯರ ಆ ಕಾಣಿಕೆಯನ್ನು ಮುಂದಿನ ಪೀಳಿಗೆಗೆ ದಾಟಿಸುವ ಹೊಣೆ ನಮ್ಮೆಲ್ಲರದು.