ನೀರು ಬಳಕೆದಾರರ ಸಂಘಗಳು: ಸ್ಥಾಪನೆಯ ಕ್ರಮದಲ್ಲಿ ಕಂಡ ದೋಷಗಳು

ಗುರುಗುಂಟಾದಿಂದ ಲಿಂಗಸುಗೂರು, ಮಸ್ಕಿಗಳ ಮಾರ್ಗವಾಗಿ ಸಿಂಧನೂರಿನ ಕಡೆಗೆ ಪ್ರಯಾಣ ಮಾಡುವವರಿಗೆ ಒಂದು ವ್ಯತ್ಯಾಸವು ತಾನಾಗಿಯೇ ಗೋಚರಿಸುವುದು. ಮೊದಲು ಜೋಳ ತೊಗರಿಗಳ ಒಣಬೇಸಾಯದ ಹೊಲಗಳು. ಸಿಂಧನೂರು ಸಮೀಪಿಸಿದಂತೆ ಭತ್ತದ ಗದ್ದೆಗಳು, ಅಕ್ಕಿಯ ಗಿರಣಿಗಳು. ಇದಕ್ಕೆ ಕಾರಣ ತುಂಗಭದ್ರಾ ಎಡದಂಡೆಯ ಕಾಲುವೆ. ಆ ಕಾಲುವೆಯ ನಿರ್ಮಾಣವನ್ನು ಕುರಿತು ಬರೆದವರು ಅನೇಕರು. ಒಂದೇ ನೀರನ್ನು ಹಂಚಿಕೊಳ್ಳಬೇಕಾದ ಜನರನ್ನು ಸಂಘವಾಗಿ ಕೂಡಿಸುವ ಪ್ರಯತ್ನವು ಎಲ್ಲಿ ತಪ್ಪಿತೆಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಹೈದರಾಬಾದ್ ಮತ್ತು ಮದ್ರಾಸ್ ಸರ್ಕಾರಗಳು ಕೂಡಿ 1945ರಲ್ಲಿ ಅಸ್ತಿಭಾರವಿಟ್ಟ ಈ ಯೋಜನೆಯ ನೀರು 1953ರಲ್ಲಿ ಕಾಲುವೆಗೆ ಹರಿಯಿತು. ಬರಪೀಡಿತ ಪ್ರದೇಶಕ್ಕೆ ರಕ್ಷಣೆಯೊದಗಿಸುವುದು ಯೋಜಕರ ಆಶಯ. ಸ್ವಲ್ಪ ನೀರನ್ನು ವಿಸ್ತಾರವಾದ ಭೂಮಿಗೆ ಹಂಚಬೇಕಾಗಿದ್ದುದರಿಂದ ಯಾವ ಹೊಲದಲ್ಲಿ ಯಾವ ಬೆಳೆಯೆಂಬುದನ್ನು ಸರ್ಕಾರವೇ ಮುಂಚಿತವಾಗಿ ಗೊತ್ತುಪಡಿಸಿತು. ಭತ್ತಕ್ಕೆ ದೊರೆತ ಪಾಲು ಅಲ್ಪ. ಆದರೆ ಕರಾವಳಿ ಆಂಧ್ರದಿಂದ ಬಂದು ಭೂಮಿ ಕೊಂಡು, 'ಕ್ಯಾಂಪು'ಗಳಲ್ಲಿ ನೆಲಸಿದ ರೈತರು ಭತ್ತವನ್ನೇ ಬಲ್ಲವರಾಗಿದ್ದರು. ಸ್ಥಳೀಯರೂ ಅವರನ್ನು ಅನುಸರಿಸಿದರು. ವಲಸೆ ಬಂದವರ ಮೇಲೆಯೇ ದೋಷವನ್ನೆಲ್ಲ ಹೊರಿಸುವ ರೂಢಿ ಉಂಟು, ಅದು ನ್ಯಾಯವೆನಿಸದು. ಕಾಲುವೆಯ ಕೆಳಭಾಗದ ಕೆಲಸವು ಪೂರ್ತಿಯಾಗುವ ಮೊದಲೇ ಮೇಲ್ಭಾಗದಲ್ಲಿ ನೀರು ಧಾರಾಳವಾಗಿ ದೊರೆಯುತ್ತಿದ್ದಾಗ ಅದನ್ನು ಬಳಸಿದವರನ್ನು ತಡೆಯುವವರು ಯಾರೂ ಇರಲಿಲ್ಲ. ಮುಂದೆ ಅದೇ ಬಳಕೆಯು ಹಕ್ಕೆಂಬಂತೆ ಬೇರೂರಿತು. ಮಾನ್ವಿ ರಾಯಚೂರುಗಳ ಕೊನೆಭಾಗದ ರೈತರಿಗೆ ಉಳಿದದ್ದು ಕಾಗದದ ಮೇಲಿನ ಅಚ್ಚುಕಟ್ಟು. ಮೊದಲು ಸುಮಾರು 133 ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯವು ಹೂಳಿನ ದೆಸೆಯಿಂದ ಸುಮಾರು 105ಕ್ಕೆ ಇಳಿದುದು ಅವರ ಕಷ್ಟವನ್ನು ಹೆಚ್ಚಿಸಿತು.

ಇಂತಹ ಸ್ಥಿತಿಯಲ್ಲಿ, 1965ರ ಕರ್ನಾಟಕ ನೀರಾವರಿ ಕಾಯ್ದೆಗೆ 2000ದಲ್ಲಿ ತಿದ್ದುಪಡಿಯಾಗಿ, ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಕಾನೂನಿನ ಆಧಾರ ದೊರೆಯಿತು. ನೆರೆಯ ಆಂಧ್ರಪ್ರದೇಶವು 1997ರಲ್ಲಿಯೇ ಒಂದು ಕಾಯ್ದೆಯ ಬಲದಿಂದ ಸುಮಾರು 10,000 ಸಂಘಗಳನ್ನು ಏಕಕಾಲದಲ್ಲಿ ಹುಟ್ಟಿಸಿತ್ತು. ಸಂಘಗಳ ಸಂಖ್ಯೆಯನ್ನೇ ಸಾಧನೆಯೆಂದು ಗಣಿಸಿದುದು ಮೊದಲನೆಯ ತಪ್ಪು. ಅದಕ್ಕಿಂತಲೂ ಆಳವಾದ ತಪ್ಪು ಬೇರೊಂದಿದೆ. ತೂಬಿನ ಬಳಿಯಲ್ಲಿಯೇ ಹೊಲವಿದ್ದವನಿಗೆ ಸಂಘದಿಂದ ಲಾಭವೇನು? ಹಂಚಿಕೆಯ ನಿಯಮಕ್ಕೆ ಒಳಪಟ್ಟರೆ ಅವನಿಗೆ ನಷ್ಟವೇ ಸರಿ. ನೀರಿಗಾಗಿ ಸಂಘವನ್ನು ಬಯಸಿದ ಕೊನೆಯ ರೈತನಿಗಾದರೋ ಮೇಲಿನ ಗೇಟಿನ ಮೇಲೆ ಅಧಿಕಾರವಿಲ್ಲ. ಷೇರು ಹಣ, ವಾರ್ಷಿಕ ಸಭೆ, ಲೆಕ್ಕಪರಿಶೋಧನೆ, ಇವೆಲ್ಲವೂ ನಿಯಮಾವಳಿಯಲ್ಲಿದ್ದವು. ಆದರೆ ಯಾವುದನ್ನು ಹಂಚಲು ಸಂಘವು ಹುಟ್ಟಿತೋ ಆ ನೀರು ಅಳತೆಗೊಂಡು ಅದರ ಕೈಸೇರುವ ಭರವಸೆ ಇರಲಿಲ್ಲ. ತನ್ನ ಕೈಯಲ್ಲಿ ಇಲ್ಲದ್ದನ್ನು ಹಂಚುವ ಸಭೆಗೆ ಎಷ್ಟು ದಿನ ಜನ ಬಂದಾರು?

ಹೊಳೆಯಾಚೆಯ ಕರ್ನೂಲು ಜಿಲ್ಲೆಯಲ್ಲಿ ಕಂಡ ಸಂಗತಿ ಇಲ್ಲಿ ಬಹು ಉಪಯುಕ್ತವಾದುದು. ರಾಬರ್ಟ್ ವೇಡ್ ಎಂಬ ವಿದ್ವಾಂಸರು ಅಲ್ಲಿನ ಕಾಲುವೆಯ ಗ್ರಾಮಗಳನ್ನು ಅಭ್ಯಸಿಸಿ 1988ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಕೆಲವು ಗ್ರಾಮಗಳಲ್ಲಿ, ಸರ್ಕಾರದ ಆಜ್ಞೆಯಾಗಲಿ ನೋಂದಣಿಯಾಗಲಿ ಇಲ್ಲದೆ, ಊರವರೇ ಒಂದು ಮಂಡಳಿಯನ್ನು ನಡೆಸುತ್ತಿದ್ದರು. ಗದ್ದೆಗಳಿಗೆ ನೀರು ಹಾಯಿಸಲು ಊರಿನ ಪರವಾಗಿ ಆಳುಗಳು, ಬೆಳೆ ಕಾಯಲು ಕಾವಲುಗಾರರು, ಖರ್ಚಿಗೆ ಒಂದು ಊರನಿಧಿ. ಕೊಯ್ಲಾದ ಹೊಲಗಳಲ್ಲಿ ಕುರಿ ಮೇಯಿಸುವ ಹಕ್ಕನ್ನು ಹರಾಜು ಮಾಡಿ ಬಂದ ಹಣವೂ ಆ ನಿಧಿಗೆ ಸೇರುತ್ತಿತ್ತು. ಇಂತಹ ವ್ಯವಸ್ಥೆಯು ಹೆಚ್ಚಾಗಿ ಕಂಡುಬಂದುದು ಕಾಲುವೆಯ ಕೆಳಭಾಗದ ಗ್ರಾಮಗಳಲ್ಲಿ. ಮೇಲ್ಭಾಗದ ಗ್ರಾಮಗಳಿಗೆ ಅದು ಬೇಕಾಗಿರಲಿಲ್ಲ. ನಮ್ಮ ಸಂಘಗಳ ಮೇರೆಗಳನ್ನು ನಕ್ಷೆಯ ಮೇಲೆ ಗೊತ್ತುಪಡಿಸಿದವರು, ಎಲ್ಲ ಕಡೆಯೂ ಒಂದೇ ಬಗೆಯ ಅಗತ್ಯವಿದೆಯೆಂದು ಭಾವಿಸಿದಂತೆ ತೋರುತ್ತದೆ.

ಮಹಾರಾಷ್ಟ್ರದ ನಾಸಿಕ ಜಿಲ್ಲೆಯ ವಾಘಾಡ ಯೋಜನೆಯಲ್ಲಿ ಅನುಸರಿಸಿದ ಕ್ರಮ ಇದಕ್ಕೆ ವಿಪರೀತ. 1990ರ ಸುಮಾರಿಗೆ ಅಲ್ಲಿನ ಸಮಾಜ ಪರಿವರ್ತನ ಕೇಂದ್ರವು ಕೆಲಸವನ್ನು ತೊಡಗಿಸಿದುದು ಕಾಲುವೆಯ ಕೊನೆಯಲ್ಲಿದ್ದ ಓಝರ್ ಗ್ರಾಮದಲ್ಲಿ, ಮೂರೇ ಸಂಘಗಳಿಂದ. ನೀರನ್ನು ಅಳತೆ ಮಾಡಿ ಸಂಘಕ್ಕೆ ಕೊಡುವ ಪದ್ಧತಿಯನ್ನು ಅಲ್ಲಿ ಆರಂಭದಲ್ಲಿಯೇ ಅಳವಡಿಸಲಾಯಿತು. ಕಾಲುವೆಯ ಮೇಲಿನ ಊರುಗಳ ಸಂಘಗಳು ಹುಟ್ಟಿದ್ದು ತರುವಾಯ.