ಸ್ಟೇಷನ್ನಿಲ್ಲದ ಊರಿನ ಸ್ಟೇಷನ್ ವ್ಯಾಗನ್

ಹಿಂಬದಿ ಉದ್ದವಾಗಿ, ಸಾಮಾನು ತುಂಬಲು ಅನುಕೂಲವಾಗಿರುವ ಕಾರಿಗೆ ಅಮೆರಿಕದವರು 'ಸ್ಟೇಷನ್ ವ್ಯಾಗನ್' ಎಂದು ಹೆಸರಿಟ್ಟರು. ರೈಲಿಳಿದ ಜನರನ್ನೂ ಅವರ ಪೆಟ್ಟಿಗೆಗಳನ್ನೂ ನಿಲ್ದಾಣದಿಂದ ಮನೆಗೆ ಒಯ್ಯುತ್ತಿದ್ದ ಗಾಡಿಯಾದ್ದರಿಂದ ಆ ಹೆಸರು. ಇಂಗ್ಲೆಂಡಿನವರು ಅದನ್ನೇ 'ಎಸ್ಟೇಟ್' ಎಂದರು. ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಿಗೆ ಈ ಮೊದಲ ಹೆಸರು ಹೊಂದುವುದೇ ಇಲ್ಲ. ಏಕೆಂದರೆ ನಮಗೆ ಸ್ಟೇಷನ್ನೇ ಇರಲಿಲ್ಲ. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ಬಂದ ರೈಲು ಮುಂದೆ ಗುಬ್ಬಿ, ತಿಪಟೂರು, ಅರಸೀಕೆರೆ ಕಡೆಗೆ ಹೋಯಿತೇ ಹೊರತು ನಮ್ಮ ಕಡೆ ಮುಖ ತಿರುಗಿಸಲಿಲ್ಲ. ಇನ್ನೊಂದು ದಾರಿ ಗೌರಿಬಿದನೂರು, ಹಿಂದೂಪುರದ ಮೇಲೆ ಗುಂತಕಲ್ಲಿಗೆ ಹೋಯಿತು. ಎರಡರ ನಡುವೆ ಉಳಿದವರು ನಾವು. ಕೊರಟಗೆರೆ, ಮಧುಗಿರಿ, ಪಾವಗಡಗಳನ್ನು ಮುಟ್ಟುವ ತುಮಕೂರು–ರಾಯದುರ್ಗ ರೈಲುಮಾರ್ಗ ಮಂಜೂರಾದದ್ದೇ 2007-08ರಲ್ಲಿ. ಇಡೀ ಇಪ್ಪತ್ತನೇ ಶತಮಾನವನ್ನು ನಮ್ಮ ನಾಲ್ಕು ತಾಲ್ಲೂಕು ಕೇಂದ್ರಗಳು ರಬ್ಬರಿನ ಚಕ್ರದ ಮೇಲೆಯೇ ಕಳೆದವು.

ನನ್ನ ತವರು ಪಾವಗಡ, ಸೇರಿದ ಮನೆ ಮಧುಗಿರಿ. ನಾದಿನಿಯನ್ನು ಶಿರಾಕ್ಕೆ ಕೊಟ್ಟಿದೆ, ಅಡಿಕೆ ತೋಟ ಕೊರಟಗೆರೆಯ ಹತ್ತಿರ. ಮದುವೆಯಾದಂದಿನಿಂದ ನನ್ನ ಬದುಕು ಈ ನಾಲ್ಕರ ನಡುವಿನ ರಸ್ತೆಗಳ ಮೇಲೆಯೇ ಓಡಾಡಿದೆ. ಆ ರಸ್ತೆಗಳಲ್ಲಿ ನಮ್ಮ ಜನ ಗಾಡಿಗಳನ್ನು ಕೊಂಡ ಹಾಗೆಯೇ ಇಟ್ಟುಕೊಂಡವರಲ್ಲ. ಕಂಪೆನಿಯವರು ಒಂದು ರೀತಿ ಮಾಡಿ ಕಳಿಸಿದರೆ, ನಮ್ಮವರು ತಮ್ಮ ಬಡತನಕ್ಕೂ ಬಿಸಿಲಿಗೂ ತಕ್ಕಂತೆ ಅದನ್ನು ಇನ್ನೊಂದು ರೀತಿ ಮಾಡಿಕೊಂಡರು. ಇದೂ ಒಂದು ಚರಿತ್ರೆಯೇ ಎಂದು ನನ್ನ ಎಣಿಕೆ.

ಈ ಚರಿತ್ರೆಯ ಮೊದಲ ಅಧ್ಯಾಯವನ್ನು ನನಗೆ ಹೇಳಿದವರು ನಮ್ಮ ಅತ್ತೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂತು. ಬಸ್ಸಿನವರು ಹಿಂದುಗಡೆ ಒಂದು ಕಬ್ಬಿಣದ ಪೀಪಾಯಿಯಂಥ ಒಲೆ ಕಟ್ಟಿ, ಅದರಲ್ಲಿ ಇದ್ದಿಲು ತುಂಬಿ ಹೊತ್ತಿಸಿ, ಬರುವ ಅನಿಲದಿಂದ ಬಸ್ಸು ಓಡಿಸಿದರು. ಹುಡುಗನೊಬ್ಬ ಬೆಳಗಿನ ಜಾವದಲ್ಲೇ ಎದ್ದು ಗಾಳಿಚಕ್ರ ತಿರುವಿ ಕೆಂಡ ಮಾಡಬೇಕು. ಇದ್ದಿಲು ಅರೆಬರೆ ಉರಿದಾಗ ಹುಟ್ಟುವ ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲವೇ ಇಲ್ಲಿ ಉರುವಲು. ಪೆಟ್ರೋಲಿನಲ್ಲಿ ಸಿಗುತ್ತಿದ್ದ ಶಕ್ತಿಯಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಖೋತಾ. "ದಿಬ್ಬ ಬಂದರೆ ಗಂಡಸರೆಲ್ಲ ಇಳಿದು ತಳ್ಳೋರು, ನಾವು ಒಳಗೇ ಕೂತಿರ್ತಿದ್ವಿ" ಎಂದು ಅತ್ತೆ ನಗುತ್ತಿದ್ದರು. ಯುದ್ಧ ಮುಗಿದು, 1948ರಲ್ಲಿ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಶುರುವಾಯಿತು. ಆದರೂ ಪಾವಗಡದ ಕಡೆ ಖಾಸಗಿ ಬಸ್ಸಿನವರದೇ ದರ್ಬಾರು ಬಹಳ ಕಾಲ ನಡೆಯಿತು.

ಎರಡನೇ ಅಧ್ಯಾಯ ಬಾವಿಯದು. ಮಳೆ ಕಡಿಮೆಯಿರುವ ನಮ್ಮ ಸೀಮೆಯಲ್ಲಿ ಕೆರೆ ಬತ್ತಿದ ಮೇಲೆ ಬಾವಿಯೇ ಗತಿ. ವಿದ್ಯುತ್ತು ಬಾರದ ಹಳ್ಳಿಗಳಲ್ಲಿ ಬಾವಿಯ ಮೇಲೆ ಕಿರ್ಲೋಸ್ಕರ್ ಡೀಸೆಲ್ ಪಂಪ್‌ಸೆಟ್ಟು ಕೂತಿತು. ಕಾರಿನ ಬಾನೆಟ್ಟನ್ನು ಕಣ್ಣಾರೆ ಕಾಣುವ ಮೊದಲೇ ನಮ್ಮ ರೈತರ ಮಕ್ಕಳು ಡೀಸೆಲ್ ಎಂಜಿನ್ನಿನ ನಾಡಿ ಹಿಡಿದಿದ್ದರು. ಹೊಗೆ ಕಪ್ಪಗಿದ್ದರೆ ಎಣ್ಣೆ ಹೆಚ್ಚು, ಬೆಳ್ಳಗಿದ್ದರೆ ಸರಿಯಾಗಿ ಉರಿಯುತ್ತಿಲ್ಲ, ನೀಲಿಯಿದ್ದರೆ ಆಯಿಲ್ ಸುಡುತ್ತಿದೆ ಎಂಬ ಪಾಠ ಅವರಿಗೆ ಬಾವಿಯ ದಡದಲ್ಲೇ ಆಯಿತು. ಆಮೇಲೆ ಬೋರ್‌ವೆಲ್ಲು ಬಂತು, ಮೋಟಾರು ರಿಪೇರಿಗೆಂದು ಲೇತ್ ಅಂಗಡಿಗಳು ಬಂದವು. ಕಬ್ಬಿಣ ಕೊರೆಯುವ, ಬೆಸೆಯುವ ಕೈಗಳು ಊರಲ್ಲೇ ತಯಾರಾದವು.

ಆ ಕೈಗಳಿಗೆ ಮೊದಲು ಸಿಕ್ಕಿದ್ದು ಜೀಪು ಮತ್ತು ಅಂಬಾಸಿಡರ್. ಪೆಟ್ರೋಲಿನ ಬೆಲೆ ಏರಿದಂತೆ ಪೆಟ್ರೋಲ್ ಎಂಜಿನ್ನು ಇಳಿಸಿ ಡೀಸೆಲ್ ಎಂಜಿನ್ನು ಕೂಡಿಸುವುದು ಒಂದು ಕಸುಬೇ ಆಯಿತು. ಹಿಂದುಸ್ತಾನ್ ಮೋಟಾರ್ಸ್‌ನವರು ತಾವೇ ಡೀಸೆಲ್ ಅಂಬಾಸಿಡರ್ ತಂದದ್ದು 1980ರ ಹೊತ್ತಿಗೆ. ಮಟಡಾರ್ ವ್ಯಾನಿಗೂ ಟ್ರ್ಯಾಕ್ಸಿಗೂ ಜರ್ಮನಿಯ ಬೆಂಜ್ ಕಂಪೆನಿಯ ನಮೂನೆಯ ಎಂಜಿನ್ನು ಬಂದಾಗ 'ಬೆಂಜ್ ಎಂಜಿನ್ನು' ಎಂದು ಹಳ್ಳಿಯವರು ಹೇಳಿಕೊಳ್ಳುತ್ತಿದ್ದ ಜಂಭ ನೋಡಬೇಕಿತ್ತು!

ಇನ್ನು ನಮ್ಮ ಮನೆಯ ಮಾತು. ಟಾಟಾ ಕಂಪೆನಿಯವರು 1991ರಲ್ಲಿ ಸಿಯೆರಾ, 1992ರಲ್ಲಿ ಎಸ್ಟೇಟ್, 1994ರಲ್ಲಿ ಸುಮೊ ತಂದರು. ಸಿಯೆರಾ ಮತ್ತು ಎಸ್ಟೇಟ್ ಅಕ್ಕತಂಗಿಯರ ಹಾಗೆ; ಎರಡೂ ಒಂದೇ ಪಿಕಪ್ ಗಾಡಿಯ ಬುನಾದಿಯ ಮೇಲೆ ಎದ್ದವು. ಎರಡಕ್ಕೂ 1948 ಸಿ.ಸಿ.ಯ ಡೀಸೆಲ್ ಎಂಜಿನ್ನು. ಎಸ್ಟೇಟ್ ನೋಡಲು ಬೆಂಜ್ ಕಾರಿನ ಬಂಧುವಿನಂತೆ ಇತ್ತು. ಆದರೆ ನಮ್ಮ ದೇಶದ ಜನಕ್ಕೆ ಉದ್ದ ಬೆನ್ನಿನ ಕಾರು ಹಿಡಿಸಲಿಲ್ಲ. ಆಂಬುಲೆನ್ಸಿನ ಹಾಗಿದೆ ಎಂದು ಮೂಗು ಮುರಿದರು. ಮುಂದೆ ಬಂದ ಬಲೆನೊ ಆಲ್ಟುರಾ, ಇಂಡಿಗೊ ಮರೀನಾಗಳ ಹಣೆಬರಹವೂ ಅಷ್ಟೇ ಆಯಿತು. ಯಾರಿಗೂ ಬೇಡವಾದ್ದರಿಂದಲೇ 1996ರಲ್ಲಿ, ಮೂರು ವರ್ಷ ಓಡಿದ ಒಂದು ಎಸ್ಟೇಟ್ ಕಾರು ನಮ್ಮಂಥವರ ಕೈಗೆಟಕುವ ಬೆಲೆಗೆ ಸಿಕ್ಕಿತು. ಮುಂದೆ ಐದು ಜನ, ಹಿಂದೆ ನಾಲ್ಕು ಮೂಟೆ ಕಡಲೆಕಾಯಿ. ನಮಗೆ ಬೇಕಾಗಿದ್ದದ್ದೇ ಅದು.

ನಮ್ಮನೆಯವರಿಗೂ ಮೈದುನನಿಗೂ ಅಷ್ಟಕ್ಕೇ ತೃಪ್ತಿಯಿರಲಿಲ್ಲ. 68 ಅಶ್ವಶಕ್ತಿಯ ಆಸುಪಾಸಿನ ಎಂಜಿನ್ನು ಮೂಟೆ ಹೊತ್ತು ದಿಬ್ಬವೇರುವಾಗ ಏದುಸಿರು ಬಿಡುತ್ತದೆ ಎಂದು ಅವರ ದೂರು. 1997ರಲ್ಲಿ ಸಿಯೆರಾ ಟರ್ಬೊ ಬಂದ ಮೇಲಂತೂ ಇಬ್ಬರಿಗೂ ನಿದ್ದೆ ಬರಲಿಲ್ಲ. ಅದೇ ಎಂಜಿನ್ನು, ಆದರೆ ಟರ್ಬೊ ಸೇರಿ 90 ಅಶ್ವಶಕ್ತಿಯ ಹತ್ತಿರ.

ಟರ್ಬೊ ಎಂದರೇನು ಎಂದು ಅಡುಗೆ ಮನೆಯಲ್ಲಿ ನಿಂತವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಅದು ಊದುಗೊಳವೆ. ಸೌದೆ ಎಷ್ಟು ತುರುಕಿದರೂ ಗಾಳಿ ಸಾಲದಿದ್ದರೆ ಒಲೆ ಹೊಗೆಯುತ್ತದೆ. ಊದಿದರೆ ಧಗ್ಗನೆ ಉರಿಯುತ್ತದೆ. ವ್ಯತ್ಯಾಸ ಇಷ್ಟೆ: ಇಲ್ಲಿ ಊದುವವರು ನಾವಲ್ಲ, ಹೊರಗೆ ಹೋಗುವ ಹೊಗೆಯೇ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಹೊಸ ಗಾಳಿಯನ್ನು ಎಂಜಿನ್ನಿಗೆ ಒತ್ತುತ್ತದೆ. ನಿಮಿಷಕ್ಕೆ ಒಂದು ಲಕ್ಷಕ್ಕೂ ಮೀರಿ ಸುತ್ತು! ಸ್ವಿಟ್ಜರ್‌ಲೆಂಡಿನ ಆಲ್‌ಫ್ರೆಡ್ ಬ್ಯೂಶಿ ಎಂಬ ಎಂಜಿನಿಯರ್ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಹಡಗು, ವಿಮಾನಗಳನ್ನು ದಾಟಿ 1962ರಲ್ಲಿ ಅಮೆರಿಕದ ಪೆಟ್ರೋಲ್ ಕಾರುಗಳಿಗೆ, 1978ರಲ್ಲಿ ಬೆಂಜ್ ಕಂಪೆನಿಯ ಡೀಸೆಲ್ ಕಾರಿಗೆ ಅದು ಬಂತು. ಮಧುಗಿರಿಯ ನಮ್ಮ ಹಿತ್ತಲಿಗೆ ಬಂದದ್ದು 1999ರಲ್ಲಿ, ಅಪಘಾತದಲ್ಲಿ ಮುಂಭಾಗ ಜಜ್ಜಿಹೋಗಿದ್ದ ಒಂದು ಸಿಯೆರಾದ ಎಂಜಿನ್ನಾಗಿ.

ಆದರೆ ಅದಕ್ಕೂ ಮೊದಲು ಮನೆಯಲ್ಲಿ ಒಂದು ದೊಡ್ಡ ಪಂಚಾಯಿತಿ ನಡೆಯಿತು. ಹಣ ಎಲ್ಲಿಂದ? ಅತ್ತೆಯ ಎರಡೆಳೆ ಸರ ಬ್ಯಾಂಕಿನಲ್ಲಿ ಅಡವಿಟ್ಟರೆ ಆಗುತ್ತದೆ ಎಂದು ಮೈದುನ ಮೆಲ್ಲಗೆ ಬಾಯಿಬಿಟ್ಟ. ಅತ್ತೆ ಇಲ್ಲವೆನ್ನಲಿಲ್ಲ. "ಕೊಡ್ತೀನಿ ಕಣೋ. ಆದರೆ ಓಡೋದು ಆಮೇಲೆ, ಮೊದಲು ನಿಲ್ಲೋದು ಕಲೀಲಿ ನಿನ್ನ ಗಾಡಿ" ಎಂದರು. ಆ ಮಾತಿಗೆ ನಾನೂ ಓರಗಿತ್ತಿಯೂ ಸೇರಿಕೊಂಡೆವು. ಹೀಗಾಗಿ ನನ್ನ ಲೆಕ್ಕದ ಪುಸ್ತಕದಲ್ಲಿ ಖರ್ಚಿನ ಸರದಿ ಹೀಗಿದೆ: ಮೊದಲು ರೇಡಿಯೇಟರು ಬಿಚ್ಚಿ ತೊಳೆಸಿ ದೊಡ್ಡದು ಮಾಡಿಸಿದ್ದು, ಆಮೇಲೆ ನಾಲ್ಕೂ ಚಕ್ರದ ಬ್ರೇಕು, ಹೊಸ ಟೈರು, ಅದಾದ ಮೇಲೆ ಎಂಜಿನ್ನು ಮತ್ತು ಕ್ಲಚ್ಚು. ಎಂಜಿನ್ ಬದಲಾದದ್ದನ್ನು ತುಮಕೂರಿನ ಆರ್‌ಟಿಒ ಕಚೇರಿಯಲ್ಲಿ ಒಪ್ಪಿಗೆ ಪಡೆದು ಆರ್.ಸಿ. ಪುಸ್ತಕದಲ್ಲಿ ಬರೆಸುವವರೆಗೆ ಕಾರು ಗೇಟು ದಾಟಲಿಲ್ಲ.

ಎಂಜಿನ್ನು ಇಳಿಸಿ ಏರಿಸಿದವರು ಶಿರಾದ ಒಬ್ಬ ಮೇಸ್ತ್ರಿ. ಹುಣಸೆ ಮರದ ಕೊಂಬೆಗೆ ಚೈನು ಕಟ್ಟಿ, ಮೂರು ಭಾನುವಾರಗಳಲ್ಲಿ ಕೆಲಸ ಮುಗಿಸಿದರು. ನನಗೆ ಅವರು ಹೇಳಿಕೊಟ್ಟ ಒಂದು ಸೂತ್ರವನ್ನು ಮರೆತಿಲ್ಲ. "ಅಕ್ಕಾ, ದೂರದಿಂದ ಬಂದು ತಕ್ಷಣ ಬಂದ್ ಮಾಡಬೇಡಿ. ಒಂದೆರಡು ನಿಮಿಷ ಹಾಗೇ ಓಡ್ಲಿ. ಕಾದ ಹೆಂಚಿನ ಮೇಲೆ ಎಣ್ಣೆ ಬಿಟ್ಟರೆ ಸೀದು ಕರ್ರಗಾಗಲ್ವಾ, ಹಾಗೆ ಟರ್ಬೊ ಒಳಗಿನ ಆಯಿಲ್ ಸೀಯತ್ತೆ." ಗಂಡಸರು ಮರೆತಾಗ ಜ್ಞಾಪಿಸುವ ಕೆಲಸ ನನ್ನದಾಯಿತು.

ಅಲ್ಲಿಗೆ ಮುಗಿಯಿತೆಂದುಕೊಂಡರೆ ಅಲ್ಲೇ ಶುರುವಾಯಿತು. 2000ದಲ್ಲಿ ಡ್ಯಾಶ್‌ಬೋರ್ಡಿನ ಮೇಲೆ ಎರಡು ಗಡಿಯಾರಗಳು ಬಂದವು. ಒಂದು ಗಾಳಿಯ ಒತ್ತಡಕ್ಕೆ, ಇನ್ನೊಂದು ಹೊಗೆಯ ಶಾಖಕ್ಕೆ. ಕುಕ್ಕರು ಕೂಗುವಾಗ ಒಳಗಿನ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆ.ಜಿ. ನಮ್ಮ ಟರ್ಬೊ ಅದರ ಅರ್ಧದಿಂದ ಮುಕ್ಕಾಲಿನವರೆಗೆ ಏರುತ್ತಿತ್ತು. ಕುಕ್ಕರಿನ ವೆಯ್ಟಿನ ಹಾಗೆ ಇದಕ್ಕೂ ಹೆಚ್ಚಾದದ್ದನ್ನು ಹೊರಬಿಡುವ ಒಂದು ಕದವಿದೆ. ಮಾರನೆಯ ವರ್ಷ ಗುಜರಿಯಿಂದ ಅಲ್ಯುಮಿನಿಯಮ್ ಜಾಲರಿಯೊಂದನ್ನು ತಂದು, ಲೇತಿನಲ್ಲಿ ಅಳತೆಗೆ ಮಾಡಿಸಿ, ಒತ್ತಿ ಬಿಸಿಯಾದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಎಂದು ಬಂಪರಿನ ಹಿಂದೆ ಕೂಡಿಸಿದರು. ಗಾಳಿ ತಣ್ಣಗಾದಷ್ಟೂ ಒತ್ತಾಗುತ್ತದೆ, ಅಷ್ಟೇ ಜಾಗದಲ್ಲಿ ಹೆಚ್ಚು ಹಿಡಿಸುತ್ತದೆ.

ಕೊನೆಯ ಜಗಳ ಡೀಸೆಲ್ ಪಂಪಿನ ಸ್ಕ್ರೂ ಮೇಲೆ. 1951ರಲ್ಲಿ ಸ್ಥಾಪನೆಯಾದ ಮೈಕೊ ಕಂಪೆನಿ ಬೆಂಗಳೂರಿನ ಆಡುಗೋಡಿಯಲ್ಲಿ ಇಂಥ ಪಂಪುಗಳನ್ನು ಮಾಡುತ್ತಿತ್ತು. ಕೂದಲೆಳೆಯ ಲೆಕ್ಕದಲ್ಲಿ ಎಣ್ಣೆ ಅಳೆಯುವ ಯಂತ್ರ ಅದು. ಒಂದು ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿದರೆ ಎಣ್ಣೆ ಹೆಚ್ಚುತ್ತದೆ, ಕಾರು ಜಿಗಿಯುತ್ತದೆ. ಮೈದುನನಿಗೆ ಆ ಜಿಗಿತದ ಹುಚ್ಚು ಹಿಡಿಯಿತು. ಹಿತ್ತಲ ತಂತಿಯ ಮೇಲಿನ ಬಟ್ಟೆಗೆ ಮಸಿ ಕೂರತೊಡಗಿತು. ಹೊಗೆಯ ಗಡಿಯಾರದ ಮುಳ್ಳು ಏಳುನೂರು ಡಿಗ್ರಿ ದಾಟಿದ್ದನ್ನು ಕಂಡು ಓರಗಿತ್ತಿ ತನ್ನ ಗಂಡನಿಗೆ, "ಒಲೆಗೆ ಸೌದೆ ಹೆಚ್ಚು ತುರುಕಿದರೆ ಅನ್ನ ಬೇಗ ಬೇಯಲ್ಲ ರೀ, ತಳ ಹಿಡಿಯತ್ತೆ" ಎಂದಳು. ಕೊನೆಗೆ ಪಂಪನ್ನು ತುಮಕೂರಿಗೆ ಒಯ್ದು ಅಳತೆಯ ಮೇಜಿನ ಮೇಲೆ ಕ್ಯಾಲಿಬ್ರೇಟ್ ಮಾಡಿಸಿದರು. ಹೊಗೆ ನಿಂತಿತು, ಜಿಗಿತವೂ ಒಂದಿಷ್ಟು ತಗ್ಗಿತು.

ಇಷ್ಟೆಲ್ಲ ಖರ್ಚಿಗೆ ಪ್ರಯೋಜನವೇನು ಎಂದು ಕೇಳುವವರಿಗೆ 2002ರ ಒಂದು ರಾತ್ರಿಯನ್ನು ಹೇಳಬೇಕು. ಪಾವಗಡದ ತವರಿನಲ್ಲಿ ನನ್ನ ತಂಗಿಗೆ ಎಂಟನೇ ತಿಂಗಳಲ್ಲೇ ರಕ್ತಸ್ರಾವ ಶುರುವಾಯಿತು. ತುಮಕೂರಿಗೆ ಕರೆದೊಯ್ಯಿರಿ ಎಂದರು ವೈದ್ಯರು. ಸುಮಾರು ನೂರು ಕಿಲೋಮೀಟರ್ ದಾರಿ. ಆ ದಿನ ಕಾರು ಅದೃಷ್ಟಕ್ಕೆ ಅಲ್ಲೇ ಇತ್ತು. ಹಿಂದಿನ ಸೀಟು ಮಡಚಿ, ಹಾಸಿಗೆ ಹಾಸಿ, ಅವಳನ್ನು ನೀಟಾಗಿ ಮಲಗಿಸಿದೆವು. ನಾನೂ ಅಮ್ಮನೂ ಎರಡು ಕಡೆ ಕೂತು ಕಾಲು ಎತ್ತಿ ಹಿಡಿದಿದ್ದೆವು. ಮಧುಗಿರಿ ಬೆಟ್ಟ ಕತ್ತಲಲ್ಲಿ ಕಪ್ಪಗೆ ಹಿಂದೆ ಸರಿಯಿತು. ಕೊರಟಗೆರೆಗೆ ಮುಂಚೆ ರಸ್ತೆಯ ತಿರುವಿನಲ್ಲಿ ದೀಪವಿಲ್ಲದ ಎತ್ತಿನ ಗಾಡಿ. ಬ್ರೇಕು ಹಿಡಿಯಿತು. ತಂಗಿಯೂ ಉಳಿದಳು, ಮಗುವೂ ಉಳಿಯಿತು.

ಟರ್ಬೊ ಬದುಕಿಸಿತು ಎಂದು ಮೈದುನ ಇಂದಿಗೂ ಹೇಳುತ್ತಾನೆ. ನನ್ನ ಲೆಕ್ಕ ಬೇರೆ. ಟರ್ಬೊ ನಮಗೆ ಹದಿನೈದು ನಿಮಿಷ ಉಳಿಸಿರಬಹುದು. ಮಲಗಿಸಲು ಜಾಗ ಕೊಟ್ಟದ್ದು, ಜನ ಮೂಗು ಮುರಿದ ಆ ಉದ್ದ ಬೆನ್ನು. ಎತ್ತಿನ ಗಾಡಿಯ ಮುಂದೆ ನಿಲ್ಲಿಸಿದ್ದು ಅತ್ತೆ ಹಟ ಹಿಡಿದು ಹಾಕಿಸಿದ ಬ್ರೇಕು. ಆಮೇಲೆ ಬೀದಿಯಲ್ಲಿ ಯಾರಿಗೆ ಕಷ್ಟವಾದರೂ ನಮ್ಮ ಗೇಟಿನ ಚಿಲಕದ ಸದ್ದಾಗುತ್ತಿತ್ತು. 2008ರ ನವೆಂಬರಿನಲ್ಲಿ 108 ಆಂಬುಲೆನ್ಸ್ ಬಂದ ಮೇಲೆ ಆ ಸದ್ದು ಕಡಿಮೆಯಾಯಿತು. ಕಡಿಮೆಯಾದದ್ದು ಒಳ್ಳೆಯದೇ.

ಇಂದು ಇಂಥ ಕೆಲಸ ಹಿತ್ತಲಲ್ಲಿ ನಡೆಯುವುದು ಕಷ್ಟ. 1988ರ ಮೋಟಾರು ವಾಹನ ಕಾಯಿದೆಯ 52ನೇ ವಿಧಿಯನ್ನು 2000ದಲ್ಲಿ ತಿದ್ದಿ ಬಿಗಿ ಮಾಡಿದರು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ ಎಂದು ಸ್ಪಷ್ಟವಾಗಿ ಹೇಳಿತು. ರಸ್ತೆಯಲ್ಲಿ ಯಾರೋ ಮಾಡಿಸಿದ ಹುಚ್ಚು ಗಾಡಿಗಳ ಅಬ್ಬರ ಕೇಳಿದಾಗ ಆ ತೀರ್ಪು ಸರಿಯೆಂದೇ ನನಗೂ ಅನ್ನಿಸುತ್ತದೆ. 2020ರಿಂದ ಬಂದ ಬಿ.ಎಸ್.-6 ಗಾಡಿಗಳಲ್ಲಿ ತಿರುಗಿಸಲು ಸ್ಕ್ರೂವೂ ಇಲ್ಲ, ಎಲ್ಲ ಕಂಪ್ಯೂಟರಿನ ಕೈಯಲ್ಲಿ. ಪಾವಗಡದ ತಿರುಮಣಿಯ ಸುತ್ತ 2018ರಿಂದ ಸೋಲಾರ್ ಪಾರ್ಕಿನ ಫಲಕಗಳು ಬಿಸಿಲಿಗೆ ಮೈಯೊಡ್ಡಿವೆ. ಮುಂದಿನ ಗಾಡಿಗಳಿಗೆ ಹೊಗೆಯೂ ಇರಲಾರದು, ಊದುಗೊಳವೆಯೂ ಬೇಕಾಗಲಾರದು.

ಗೆಜೆಟಿಯರುಗಳಲ್ಲಿ ರಸ್ತೆಯ ಉದ್ದ, ಸೇತುವೆಯ ಅಳತೆ ಎಲ್ಲ ಸಿಗುತ್ತದೆ. ಇದ್ದಿಲಿನ ಒಲೆ ತಿರುವಿದ ಹುಡುಗ, ಹುಣಸೆ ಕೊಂಬೆಗೆ ಎಂಜಿನ್ನು ತೂಗಿದ ಮೇಸ್ತ್ರಿ, ಸರ ಕೊಡುವ ಮುಂಚೆ ಬ್ರೇಕಿನ ಮಾತೆತ್ತಿದ ಅತ್ತೆ ಅಲ್ಲಿ ಸಿಗುವುದಿಲ್ಲ. ಅವರು ಸಿಗುವುದು ಲೆಕ್ಕದ ಪುಸ್ತಕಗಳಲ್ಲಿ. ನಿಮ್ಮ ಮನೆಯ ಅಟ್ಟದ ಮೇಲೂ ಅಂಥದೊಂದು ಪುಸ್ತಕವಿದ್ದರೆ ರದ್ದಿಗೆ ಹಾಕುವ ಮುಂಚೆ ಒಮ್ಮೆ ತಿರುವಿ ನೋಡಿ. ಅಂದಹಾಗೆ, ಅತ್ತೆಯ ಸರ ಬಿಡಿಸಿಕೊಂಡದ್ದು 2003ರ ದೀಪಾವಳಿಗೆ. ಬಡ್ಡಿ ಎಷ್ಟಾಯಿತೆಂಬುದು ನನ್ನ ಪುಸ್ತಕದಲ್ಲಿದೆ, ಮನೆಯ ಗಂಡಸರಿಗೆ ಇನ್ನೂ ಹೇಳಿಲ್ಲ.