ನೆಲೆಯಿಂದ ನೆಲೆಗೆ ವಿಪಿಎನ್

ನೆಲೆಯಿಂದ ನೆಲೆಗೆ ವಿಪಿಎನ್ ಎಂಬುದು ಬೇರೆ ಬೇರೆ ಸ್ಥಳಗಳಲ್ಲಿರುವ ಎರಡು ಅಥವಾ ಹೆಚ್ಚು ಕಚೇರಿಗಳ ಗಣಕಜಾಲಗಳನ್ನು ಸಾರ್ವಜನಿಕ ಅಂತರಜಾಲದ ಮೂಲಕವೇ, ಆದರೆ ಗೂಢಲಿಪೀಕರಣದ ರಕ್ಷಣೆಯೊಡನೆ, ಒಂದೇ ಜಾಲದಂತೆ ಜೋಡಿಸುವ ವ್ಯವಸ್ಥೆಯಾಗಿದೆ. ವಿಪಿಎನ್ ಎಂಬುದು ವರ್ಚುವಲ್ ಪ್ರೈವೇಟ್ ನೆಟ್‌ವರ್ಕ್ ಎಂಬುದರ ಸಂಕ್ಷಿಪ್ತ ರೂಪ. ಜಾಹೀರಾತುಗಳಲ್ಲಿ ಕಾಣುವ, ವ್ಯಕ್ತಿಯೊಬ್ಬ ತನ್ನ ಮೊಬೈಲಿನಲ್ಲಿ ಬಳಸುವ ವಿಪಿಎನ್ ಸೇವೆಗೂ ಇದಕ್ಕೂ ತಂತ್ರದಲ್ಲಿ ಸಾಮ್ಯವಿದ್ದರೂ ಉದ್ದೇಶ ಬೇರೆ. ಇಲ್ಲಿ ಪ್ರತಿ ಕಚೇರಿಯಲ್ಲಿ ಒಂದು ಯಂತ್ರ ಮಾತ್ರ ದ್ವಾರಪಾಲಕನಂತೆ ವಿಪಿಎನ್ ತಂತ್ರಾಂಶವನ್ನು ನಡೆಸುತ್ತದೆ. ಉಳಿದ ಗಣಕಗಳಿಗೆ ಅಂಥದೊಂದು ಇದೆ ಎಂಬ ಅರಿವೂ ಬೇಕಿಲ್ಲ.

ಕಾರ್ಯವಿಧಾನ

ಅಂತರಜಾಲದಲ್ಲಿ ಸಾಗುವ ಮಾಹಿತಿಯ ಪ್ರತಿ ಪೊಟ್ಟಣದ ಮೇಲೂ ಕಳುಹಿಸಿದವರ ಮತ್ತು ಪಡೆಯುವವರ ವಿಳಾಸಗಳಿರುತ್ತವೆ. ಕಚೇರಿಯೊಳಗಿನ ಗಣಕಗಳಿಗೆ ಸಾಮಾನ್ಯವಾಗಿ 10, 172.16 ಅಥವಾ 192.168 ಎಂದು ಆರಂಭವಾಗುವ ಖಾಸಗಿ ವಿಳಾಸಗಳನ್ನು ಕೊಡಲಾಗುತ್ತದೆ. 1996ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 1918 ಎಂಬ ದಾಖಲೆ ಈ ವಿಳಾಸಗಳನ್ನು ಖಾಸಗಿ ಬಳಕೆಗೆ ಮೀಸಲಿಟ್ಟಿದೆ. ಸಾರ್ವಜನಿಕ ಅಂತರಜಾಲದಲ್ಲಿ ಇವಕ್ಕೆ ದಾರಿಯಿಲ್ಲ. ಹೀಗಾಗಿ ದ್ವಾರದ ಯಂತ್ರವು ಒಳಗಿನ ಪೊಟ್ಟಣವನ್ನು ಗೂಢಲಿಪಿಗೆ ಪರಿವರ್ತಿಸಿ, ಅದನ್ನು ಇನ್ನೊಂದು ಲಕೋಟೆಯೊಳಗೆ ಇಟ್ಟು, ಹೊರಗಡೆ ಎದುರು ಕಚೇರಿಯ ಸಾರ್ವಜನಿಕ ವಿಳಾಸವನ್ನು ಬರೆದು ಕಳುಹಿಸುತ್ತದೆ. ಅಲ್ಲಿನ ಯಂತ್ರ ಲಕೋಟೆಯನ್ನು ಒಡೆದು ಒಳಗಿನದನ್ನು ಸೇರಬೇಕಾದ ಗಣಕಕ್ಕೆ ತಲುಪಿಸುತ್ತದೆ. ಈ ಕ್ರಮಕ್ಕೆ ಸುರಂಗ ಎಂಬ ಹೆಸರು ರೂಢಿಯಲ್ಲಿದೆ. ದಾರಿಯ ನಡುವೆ ನೋಡುವವರಿಗೆ ಎರಡು ಕಚೇರಿಗಳು ಮಾತನಾಡುತ್ತಿವೆ ಎಂಬುದು ತಿಳಿಯುತ್ತದೆ. ಏನು ಮಾತನಾಡುತ್ತಿವೆ ಎಂಬುದು ತಿಳಿಯುವುದಿಲ್ಲ.

ಹಿನ್ನೆಲೆ

ಈ ತಂತ್ರ ಬರುವ ಮೊದಲು ಶಾಖೆಗಳನ್ನು ಜೋಡಿಸಲು ದೂರಸಂಪರ್ಕ ಸಂಸ್ಥೆಗಳಿಂದ ಬಾಡಿಗೆಗೆ ಪಡೆದ ಪ್ರತ್ಯೇಕ ತಂತಿಗಳೇ ಗತಿಯಾಗಿದ್ದವು. ದೂರ ಹೆಚ್ಚಿದಷ್ಟೂ ಬಾಡಿಗೆಯೂ ಹೆಚ್ಚುತ್ತಿತ್ತು. 1995ರಲ್ಲಿ ಐಪಿಸೆಕ್ ಮಾನದಂಡದ ಮೊದಲ ದಾಖಲೆಗಳು ಪ್ರಕಟವಾದವು. ಮೈಕ್ರೋಸಾಫ್ಟ್ ಮತ್ತಿತರ ಸಂಸ್ಥೆಗಳು ರೂಪಿಸಿದ ಪಿಪಿಟಿಪಿ 1999ರಲ್ಲಿ ಆರ್‌ಎಫ್‌ಸಿ 2637 ಆಗಿ ಹೊರಬಂದಿತು. 2001ರಲ್ಲಿ ಜೇಮ್ಸ್ ಯೋನನ್ ಓಪನ್‌ವಿಪಿಎನ್ ತಂತ್ರಾಂಶವನ್ನು ಬಿಡುಗಡೆ ಮಾಡಿದರು.

ಇವುಗಳಲ್ಲಿ ಪಿಪಿಟಿಪಿಯ ಕಥೆ ಎಚ್ಚರಿಕೆಯಿಂದ ಓದಬೇಕಾದದ್ದು. ವಿಂಡೋಸ್‌ನೊಡನೆ ಉಚಿತವಾಗಿ ಬರುತ್ತಿದ್ದುದರಿಂದ ಮತ್ತು ಅಳವಡಿಕೆ ಸುಲಭವಾಗಿದ್ದುದರಿಂದ ಅದು ಬಹುಬೇಗ ಹರಡಿತು. 2012ರಲ್ಲಿ ಮಾಕ್ಸಿ ಮಾರ್ಲಿನ್‌ಸ್ಪೈಕ್ ಮತ್ತು ಡೇವಿಡ್ ಹಲ್ಟನ್ ಎಂಬ ಸಂಶೋಧಕರು, ಪಿಪಿಟಿಪಿ ಅವಲಂಬಿಸಿದ್ದ ಎಂಎಸ್-ಚಾಪ್ ಎರಡನೆಯ ಆವೃತ್ತಿಯ ಗುರುತು ಪರೀಕ್ಷೆಯನ್ನು ಒಂದೇ ಒಂದು ಡಿಇಎಸ್ ಕೀಲಿಯನ್ನು ಹುಡುಕುವಷ್ಟು ಶ್ರಮದಲ್ಲಿ ಭೇದಿಸಬಹುದೆಂದು ತೋರಿಸಿದರು. ಅದೇ ವರ್ಷ ಮೈಕ್ರೋಸಾಫ್ಟ್ ಬಳಕೆದಾರರಿಗೆ ಎಚ್ಚರಿಕೆ ನೀಡಿತು. ಇಷ್ಟಾದರೂ ಹಳೆಯ ರೂಟರ್‌ಗಳ ಪಟ್ಟಿಯಲ್ಲಿ ಪಿಪಿಟಿಪಿ ಇಂದಿಗೂ ಕಾಣಸಿಗುತ್ತದೆ. ಹೊಸದಾಗಿ ಅಳವಡಿಸುವವರು ಅದನ್ನು ಆರಿಸಿಕೊಳ್ಳಲು ಯಾವ ಕಾರಣವೂ ಇಲ್ಲ.

ವೈರ್‌ಗಾರ್ಡ್

ಇತ್ತೀಚಿನ ವರ್ಷಗಳಲ್ಲಿ ನೆಲೆಗಳ ಜೋಡಣೆಗೆ ಹೆಚ್ಚಾಗಿ ಬಳಕೆಯಾಗುತ್ತಿರುವುದು ಜೇಸನ್ ಡೊನೆನ್‌ಫೆಲ್ಡ್ ರಚಿಸಿದ ವೈರ್‌ಗಾರ್ಡ್. ಇದರ ವಿನ್ಯಾಸವನ್ನು ವಿವರಿಸುವ ಪ್ರಬಂಧ 2017ರ ಎನ್‌ಡಿಎಸ್‌ಎಸ್ ಸಮ್ಮೇಳನದಲ್ಲಿ ಮಂಡನೆಯಾಯಿತು; 2020ರ ಮಾರ್ಚ್‌ನಲ್ಲಿ ಬಿಡುಗಡೆಯಾದ ಲಿನಕ್ಸ್ 5.6ರ ಕರ್ನೆಲ್‌ನಲ್ಲಿ ಇದು ಸೇರ್ಪಡೆಯಾಯಿತು. ಮೂಲ ಸಂಕೇತ ಸುಮಾರು 4,000 ಸಾಲುಗಳಷ್ಟೇ ಇರುವುದರಿಂದ ಒಬ್ಬನೇ ಪರಿಶೀಲಕ ಅದನ್ನು ಆದ್ಯಂತ ಓದಿ ಮುಗಿಸಬಲ್ಲ. ಐಪಿಸೆಕ್‌ನಲ್ಲಿ ಹತ್ತಾರು ಗೂಢಲಿಪಿ ವಿಧಾನಗಳ ಪೈಕಿ ಎರಡೂ ಕಡೆಯವರು ಒಂದನ್ನು ಒಪ್ಪಿಕೊಳ್ಳಬೇಕು. ವೈರ್‌ಗಾರ್ಡ್‌ನಲ್ಲಿ ಆ ಆಯ್ಕೆಯೇ ಇಲ್ಲ: ಕೀಲಿ ವಿನಿಮಯಕ್ಕೆ ಕರ್ವ್25519, ಗೂಢಲಿಪಿಗೆ ಚಾಚಾ20, ದೃಢೀಕರಣಕ್ಕೆ ಪಾಲಿ1305 ಎಂದು ನಿಗದಿಯಾಗಿದೆ. ತಪ್ಪಾಗಿ ಆರಿಸುವ ಅವಕಾಶವನ್ನೇ ತೆಗೆದುಹಾಕಿರುವುದು ಇದರ ದೊಡ್ಡ ಗುಣ.

ಅಳವಡಿಕೆ ಮತ್ತು ಹೊಂದಾಣಿಕೆ

ಉದಾಹರಣೆಗೆ, ಒಂದು ಸಂಸ್ಥೆಯ ಮುಖ್ಯ ಕಚೇರಿಯ ಜಾಲ 192.168.10.0/24 ಎಂದೂ ಶಾಖೆಯ ಜಾಲ 192.168.20.0/24 ಎಂದೂ ಇಟ್ಟುಕೊಳ್ಳಬಹುದು. ಎರಡರ ವಿಳಾಸ ಶ್ರೇಣಿಗಳು ಬೇರೆ ಬೇರೆಯಾಗಿರುವುದು ಮೊದಲ ಅಗತ್ಯ. ಅನೇಕ ರೂಟರ್‌ಗಳು ಕಾರ್ಖಾನೆಯಿಂದಲೇ 192.168.0 ಅಥವಾ 192.168.1 ಶ್ರೇಣಿಯೊಡನೆ ಬರುವುದರಿಂದ ಎರಡೂ ಕಚೇರಿಗಳಲ್ಲಿ ಒಂದೇ ಶ್ರೇಣಿ ಇರುವುದು ಅಪರೂಪವಲ್ಲ. ಒಂದೇ ಊರಿನಲ್ಲಿ ಒಂದೇ ಹೆಸರಿನ ಎರಡು ಬೀದಿಗಳಿದ್ದರೆ ಅಂಚೆಯವನಿಗೆ ಆಗುವ ಪಾಡೇ ಇಲ್ಲಿಯೂ ಆಗುತ್ತದೆ. ಆಮೇಲೆ ತೇಪೆ ಹಾಕುವುದಕ್ಕಿಂತ ಮೊದಲೇ ಒಂದು ಕಚೇರಿಯ ಶ್ರೇಣಿಯನ್ನು ಬದಲಿಸುವುದು ಲೇಸು.

ಉಬುಂಟು ಅಥವಾ ಡೆಬಿಯನ್ ಲಿನಕ್ಸ್ ಇರುವ ಯಂತ್ರದಲ್ಲಿ ವೈರ್‌ಗಾರ್ಡ್ ಎಂಬ ಹೆಸರಿನ ಪ್ಯಾಕೇಜನ್ನು ಅಳವಡಿಸಿದ ಮೇಲೆ ಪ್ರತಿ ನೆಲೆಯಲ್ಲಿ ಒಂದು ಜೋಡಿ ಕೀಲಿಗಳನ್ನು ಸೃಷ್ಟಿಸಬೇಕು. ಖಾಸಗಿ ಕೀಲಿ 32 ಬೈಟ್‌ಗಳದ್ದು. ಬರವಣಿಗೆಯಲ್ಲಿ ಅದು 44 ಅಕ್ಷರಗಳ ಸಾಲಾಗಿ ಕಾಣುತ್ತದೆ. ಅದರಿಂದಲೇ ಸಾರ್ವಜನಿಕ ಕೀಲಿಯನ್ನು ಪಡೆಯಲಾಗುತ್ತದೆ. ಸಾರ್ವಜನಿಕ ಕೀಲಿಯನ್ನು ಎದುರು ಕಚೇರಿಗೆ ಕಳುಹಿಸಬೇಕು. ಅದನ್ನು ಮೂರನೆಯವರು ಕಂಡರೂ ಹಾನಿಯಿಲ್ಲ. ಖಾಸಗಿ ಕೀಲಿ ಮಾತ್ರ ಹುಟ್ಟಿದ ಯಂತ್ರವನ್ನು ಬಿಟ್ಟು ಹೊರಹೋಗಬಾರದು. ಎರಡೂ ಕಡೆಯ ಖಾಸಗಿ ಕೀಲಿಗಳನ್ನು ಒಂದೇ ಗಣಕದಲ್ಲಿ ಸೃಷ್ಟಿಸಿ ಇಮೇಲ್‌ನಲ್ಲಿ ಕಳುಹಿಸುವ ಅಭ್ಯಾಸ ಸಲ್ಲದು. ಆ ಇಮೇಲನ್ನು ಓದಿದವನಿಗೆ ಶಾಖೆಯ ಹೆಸರಿನಲ್ಲಿ ಒಳಬರಲು ಬೇರೇನೂ ಬೇಕಾಗುವುದಿಲ್ಲ. ಕೀಲಿ ಇರುವ ಕಡತವನ್ನು ರೂಟ್ ಬಳಕೆದಾರ ಮಾತ್ರ ಓದುವಂತೆ ಅನುಮತಿಯನ್ನು 600ಕ್ಕೆ ಇಳಿಸಬೇಕು.

ಹೊಂದಾಣಿಕೆಯ ಕಡತದಲ್ಲಿ ಎರಡು ಭಾಗಗಳಿರುತ್ತವೆ. ಇಂಟರ್‌ಫೇಸ್ ಎಂಬ ಭಾಗದಲ್ಲಿ ಸ್ವಂತ ಖಾಸಗಿ ಕೀಲಿ, ಸುರಂಗದೊಳಗಿನ ತನ್ನ ವಿಳಾಸ (ಮುಖ್ಯ ಕಚೇರಿಗೆ 10.9.0.1, ಶಾಖೆಗೆ 10.9.0.2 ಎನ್ನೋಣ) ಮತ್ತು ಕಿವಿಗೊಡುವ ಯುಡಿಪಿ ಪೋರ್ಟ್, ರೂಢಿಯಂತೆ 51820, ಇರುತ್ತವೆ. ಪಿಯರ್ ಎಂಬ ಭಾಗದಲ್ಲಿ ಎದುರಿನವರ ಸಾರ್ವಜನಿಕ ಕೀಲಿ, ಅವರ ಅಂತರಜಾಲ ವಿಳಾಸ ಮತ್ತು ಅಲೌಡ್ ಐಪಿಸ್ ಎಂಬ ಸಾಲು ಇರುತ್ತವೆ.

ಅಲೌಡ್ ಐಪಿಸ್ ಎಂಬ ಈ ಒಂದು ಸಾಲನ್ನು ಸರಿಯಾಗಿ ಅರ್ಥಮಾಡಿಕೊಂಡರೆ ವೈರ್‌ಗಾರ್ಡ್ ಬಹುಪಾಲು ಅರ್ಥವಾದಂತೆ. ಹೊರಹೋಗುವಾಗ ಅದು ದಾರಿಯ ಪಟ್ಟಿ: ಇಂಥ ವಿಳಾಸಗಳಿಗೆ ಹೋಗುವ ಪೊಟ್ಟಣಗಳು ಈ ಕೀಲಿಯವರಿಗೆ ಸೇರಬೇಕು. ಒಳಬರುವಾಗ ಅದೇ ಸಾಲು ಕಾವಲುಗಾರ: ಈ ಕೀಲಿಯವರಿಂದ ಇಂಥ ವಿಳಾಸಗಳ ಹೆಸರಿನಲ್ಲಿ ಮಾತ್ರ ಪೊಟ್ಟಣಗಳು ಬರಬಹುದು, ಉಳಿದವನ್ನು ಎಸೆಯಲಾಗುತ್ತದೆ. ಮುಖ್ಯ ಕಚೇರಿಯ ಕಡತದಲ್ಲಿ ಇಲ್ಲಿ 10.9.0.2/32 ಮತ್ತು 192.168.20.0/24 ಎಂದು ಬರೆಯಬೇಕು. ಶಾಖೆಯಲ್ಲಿ ಇದರ ಪ್ರತಿರೂಪ. ಮಾದರಿ ಕಡತಗಳನ್ನು ನಕಲು ಮಾಡುವವರು 0.0.0.0/0 ಎಂಬುದನ್ನು ಹಾಗೆಯೇ ಉಳಿಸಿದರೆ ಶಾಖೆಯ ಸಮಸ್ತ ಅಂತರಜಾಲ ಸಂಚಾರವೂ ಮುಖ್ಯ ಕಚೇರಿಯ ಸುರಂಗದತ್ತ ತಿರುಗುತ್ತದೆ.

ಬಳಿಕ ದ್ವಾರದ ಯಂತ್ರಗಳಲ್ಲಿ ಐಪಿ ಫಾರ್ವರ್ಡಿಂಗ್ ಎಂಬ ಕರ್ನೆಲ್ ಸೌಲಭ್ಯವನ್ನು 1ಕ್ಕೆ ಏರಿಸಬೇಕು. ವಿಪಿಎನ್ ನಡೆಸುವ ಯಂತ್ರವೇ ಕಚೇರಿಯ ಮುಖ್ಯ ರೂಟರ್ ಆಗಿಲ್ಲದಿದ್ದರೆ, ಎದುರು ಜಾಲಕ್ಕೆ ಹೋಗುವ ದಾರಿ ಈ ಯಂತ್ರದ ಮೂಲಕ ಎಂಬ ಸ್ಥಿರ ಮಾರ್ಗವನ್ನು ಮುಖ್ಯ ರೂಟರ್‌ನಲ್ಲಿ ಬರೆಯಬೇಕು. ಹೊರಗಿನಿಂದ ಬರುವ ಯುಡಿಪಿ ಪೋರ್ಟನ್ನು ಈ ಯಂತ್ರದತ್ತ ತಿರುಗಿಸಲೂ ಬೇಕು. ಮರಳುವ ದಾರಿಯನ್ನು ಮರೆತರೆ ಪ್ರಶ್ನೆ ತಲುಪುತ್ತದೆ, ಉತ್ತರ ಕಳೆದುಹೋಗುತ್ತದೆ. ಕೆಲವು ಕೈಪಿಡಿಗಳು ಇದಕ್ಕೆ ಪರಿಹಾರವಾಗಿ ಎಲ್ಲ ಪೊಟ್ಟಣಗಳನ್ನೂ ದ್ವಾರದ ಯಂತ್ರದ ವಿಳಾಸದಲ್ಲಿಯೇ ಮರೆಮಾಚುವ ಮಾಸ್ಕರೇಡ್ ನಿಯಮವನ್ನು ಸೂಚಿಸುತ್ತವೆ. ಕೆಲಸ ನಡೆಯುವುದು ನಿಜ. ಆದರೆ ಎದುರು ಕಚೇರಿಯ ದಾಖಲೆಗಳಲ್ಲಿ ಶಾಖೆಯ ಎಲ್ಲ ಗಣಕಗಳೂ ಒಂದೇ ವಿಳಾಸವಾಗಿ ಕಾಣುವುದರಿಂದ, ಮುಂದೆ ಏನಾದರೂ ಅನಾಹುತವಾದಾಗ ಯಾವ ಗಣಕದಿಂದ ಆಯಿತೆಂದು ಅಲ್ಲಿಂದ ಹೇಳಲಾಗದು.

ಸಾಮಾನ್ಯ ತೊಡಕುಗಳು

ಎರಡೂ ಕಡೆ ಸಾರ್ವಜನಿಕ ವಿಳಾಸವಿರಬೇಕೆಂದಿಲ್ಲ. ಒಂದು ಕಡೆ ಇದ್ದರೆ ಸಾಕು. ಭಾರತದ ಮೊಬೈಲ್ ಸಂಪರ್ಕಗಳಲ್ಲಿ ಮತ್ತು ಅನೇಕ ಫೈಬರ್ ಸಂಪರ್ಕಗಳಲ್ಲಿ ಹಲವು ಗ್ರಾಹಕರು ಒಂದೇ ಸಾರ್ವಜನಿಕ ವಿಳಾಸವನ್ನು ಹಂಚಿಕೊಳ್ಳುತ್ತಾರೆ. ರೂಟರ್‌ನ ಹೊರಮುಖದ ವಿಳಾಸ 100.64ರಿಂದ 100.127ರ ನಡುವೆ ಇದ್ದರೆ ಅದು ಇದರ ಗುರುತು. ಅಂಥ ಶಾಖೆಯೇ ಸಂಪರ್ಕವನ್ನು ಆರಂಭಿಸಬೇಕು, ಮತ್ತು ದಾರಿ ಮುಚ್ಚಿಹೋಗದಂತೆ 25 ಸೆಕೆಂಡಿಗೊಮ್ಮೆ ಒಂದು ಖಾಲಿ ಪೊಟ್ಟಣವನ್ನು ಕಳುಹಿಸುವ ಪರ್ಸಿಸ್ಟೆಂಟ್ ಕೀಪ್‌ಅಲೈವ್ ಸಾಲನ್ನು ಅದರ ಕಡತದಲ್ಲಿ ಸೇರಿಸಬೇಕು.

ಕೀಲಿ ತಿಳಿಯದವರಿಗೆ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ. ಹೊರಗಿನಿಂದ ಪೋರ್ಟುಗಳನ್ನು ತಡಕಾಡುವವರಿಗೆ ಅಲ್ಲಿ ಏನೂ ಇಲ್ಲದಂತೆ ತೋರುತ್ತದೆ. ಇದು ರಕ್ಷಣೆಯೂ ಹೌದು, ಅಳವಡಿಸುವವರ ತಲೆನೋವೂ ಹೌದು. ಕೀಲಿಯ ಒಂದು ಅಕ್ಷರ ತಪ್ಪಾದರೂ ದೋಷಸೂಚನೆ ಬಾರದೆ ಮೌನವಷ್ಟೇ ಉಳಿಯುತ್ತದೆ. ಸ್ಥಿತಿಯನ್ನು ತೋರಿಸುವ ಆಜ್ಞೆಯಲ್ಲಿ ಕೊನೆಯ ಹಸ್ತಲಾಘವದ ಸಮಯ ಕಾಣದಿದ್ದರೆ ದೋಷ ಕೀಲಿ, ವಿಳಾಸ ಅಥವಾ ಫೈರ್‌ವಾಲ್‌ನಲ್ಲಿದೆ ಎಂದು ತಿಳಿಯಬೇಕು. ಹಸ್ತಲಾಘವ ನಡೆದೂ ಗಣಕಗಳು ಮುಟ್ಟದಿದ್ದರೆ ದೋಷ ಮಾರ್ಗಗಳಲ್ಲಿ, ಅಲೌಡ್ ಐಪಿಸ್ ಸಾಲಿನಲ್ಲಿ ಅಥವಾ ಎದುರು ಗಣಕದ ಸ್ವಂತ ಫೈರ್‌ವಾಲ್‌ನಲ್ಲಿರುತ್ತದೆ. ವಿಂಡೋಸ್ ಗಣಕಗಳು ಸಾಮಾನ್ಯವಾಗಿ ತಮ್ಮದೇ ಶ್ರೇಣಿಯ ಹೊರಗಿನವರಿಗೆ ಕಡತ ಹಂಚಿಕೆಯನ್ನು ನಿರಾಕರಿಸುತ್ತವೆ.

ಗಡಿಯಾರದ ತೊಡಕು ವಿಚಿತ್ರವಾದದ್ದು. ಹಳೆಯ ಸಂದೇಶವನ್ನು ಯಾರೂ ಮರುಬಳಕೆ ಮಾಡದಂತೆ ವೈರ್‌ಗಾರ್ಡ್ ಪ್ರತಿ ಆರಂಭದ ಸಂದೇಶದಲ್ಲಿ ಕಾಲಮುದ್ರೆಯನ್ನು ಇಡುತ್ತದೆ. ಹಿಂದಿನದಕ್ಕಿಂತ ಹಳೆಯ ಮುದ್ರೆ ಬಂದರೆ ಎದುರಿನವರು ಸ್ವೀಕರಿಸುವುದಿಲ್ಲ. ಬ್ಯಾಟರಿ ಗಡಿಯಾರವಿಲ್ಲದ ರಾಸ್ಪ್‌ಬೆರಿ ಪೈ ಮುಂತಾದ ಸಣ್ಣ ಗಣಕಗಳು ವಿದ್ಯುತ್ ಹೋಗಿ ಬಂದಾಗ ಹಿಂದಿನ ದಿನಾಂಕದಲ್ಲಿ ಏಳಬಹುದು, ಸಮಯ ಸರಿಹೋಗುವವರೆಗೆ ಸುರಂಗವೂ ಏಳದು.

ಇನ್ನು ಪೊಟ್ಟಣದ ಗಾತ್ರ. ಹೊರ ಲಕೋಟೆಗೂ ಜಾಗ ಬೇಕಾದ್ದರಿಂದ 1500 ಬೈಟ್‌ಗಳ ಬದಲು ಸುರಂಗದೊಳಗೆ 1420 ಬೈಟ್‌ಗಳಿಗೆ ಮಿತಿ ಇರುತ್ತದೆ. ಪಿಪಿಪಿಒಇ ಬಳಸುವ ಸಂಪರ್ಕಗಳಲ್ಲಿ 1412ಕ್ಕೆ ಇಳಿಸುವುದು ಸುರಕ್ಷಿತ. ಪಿಂಗ್ ಸರಾಗವಾಗಿ ನಡೆದು ದೊಡ್ಡ ಕಡತಗಳು ಮಾತ್ರ ನಡುವೆ ನಿಂತುಹೋದರೆ ಮೊದಲ ಅನುಮಾನ ಇದರ ಮೇಲಿರಲಿ.

ಸುರಕ್ಷತೆಯ ಮಿತಿಗಳು

ವಿಪಿಎನ್ ಎರಡು ದ್ವಾರಗಳ ನಡುವಿನ ದಾರಿಯನ್ನು ಮಾತ್ರ ಕಾಯುತ್ತದೆ. ಶಾಖೆಯ ಒಂದು ಗಣಕಕ್ಕೆ ಹೊಕ್ಕ ಸುಲಿಗೆ ತಂತ್ರಾಂಶಕ್ಕೆ ಮುಖ್ಯ ಕಚೇರಿಯ ದಾಖಲೆಗಳವರೆಗೆ ಸುರಂಗವೇ ರಾಜಮಾರ್ಗವಾಗಬಲ್ಲದು. ಆದ್ದರಿಂದ ಇಡೀ ಜಾಲವನ್ನು ತೆರೆದಿಡದೆ, ಶಾಖೆಗೆ ನಿಜವಾಗಿ ಬೇಕಾದ ಸರ್ವರ್‌ಗಳ ಬೇಕಾದ ಪೋರ್ಟುಗಳಿಗೆ ಮಾತ್ರ ಫೈರ್‌ವಾಲ್‌ನಲ್ಲಿ ಅವಕಾಶ ಕೊಡುವುದು ವಿವೇಕ. ಖಾಸಗಿ ಕೀಲಿ ಕಳುವಾದರೆ ಎದುರು ಕಚೇರಿಯ ಕಡತದಿಂದ ಅದರ ಜೋಡಿಯಾದ ಸಾರ್ವಜನಿಕ ಕೀಲಿಯನ್ನು ತಕ್ಷಣ ತೆಗೆದುಹಾಕಬೇಕು. ತಾತ್ಕಾಲಿಕ ಕೀಲಿಗಳು ಸುಮಾರು ಎರಡು ನಿಮಿಷಗಳಿಗೊಮ್ಮೆ ಬದಲಾಗುವುದರಿಂದ, ಕದ್ದವನು ಹಿಂದೆ ದಾಖಲಿಸಿಟ್ಟ ಸಂಚಾರವನ್ನು ಓದಲಾರ.

ಭಾರತದಲ್ಲಿ ಸಿಇಆರ್‌ಟಿ-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳು ವಿಪಿಎನ್ ಸೇವಾದಾರರು ಗ್ರಾಹಕರ ವಿವರಗಳನ್ನು 5 ವರ್ಷ ಇಟ್ಟುಕೊಳ್ಳಬೇಕೆಂದು ವಿಧಿಸಿದವು. ಸಂಸ್ಥೆಗಳು ತಮ್ಮ ಆಂತರಿಕ ಬಳಕೆಗೆ ನಡೆಸುವ ವಿಪಿಎನ್‌ಗೆ ಈ ಷರತ್ತು ಅನ್ವಯಿಸದೆಂದು ನಂತರದ ಪ್ರಶ್ನೋತ್ತರ ರೂಪದ ವಿವರಣೆ ತಿಳಿಸಿತು. ಆದರೆ ಗಣಕ ವ್ಯವಸ್ಥೆಗಳ ದಾಖಲೆಗಳನ್ನು 180 ದಿನಗಳ ಕಾಲ ಕಾಪಾಡುವುದು ಮತ್ತು ನಿಗದಿತ ಸೈಬರ್ ಘಟನೆಗಳನ್ನು 6 ಗಂಟೆಗಳೊಳಗೆ ವರದಿ ಮಾಡುವುದು ಸಂಸ್ಥೆಗಳಿಗೂ ಅನ್ವಯಿಸುತ್ತದೆ. ವೈರ್‌ಗಾರ್ಡ್ ತಾನಾಗಿ ಇಂಥ ದಾಖಲೆಗಳನ್ನು ಬರೆದಿಡುವುದಿಲ್ಲವಾದ್ದರಿಂದ, ದ್ವಾರದ ಯಂತ್ರದ ಫೈರ್‌ವಾಲ್‌ನಲ್ಲಿಯೇ ಅದಕ್ಕೆ ಏರ್ಪಾಡು ಮಾಡಿಕೊಳ್ಳಬೇಕಾಗುತ್ತದೆ.